ಮೂರು ಬೆರಳಿನ ಬೂದಿ

ಕೊಟ್ಟೂರು,
ತಾ. ೧೫-೩-೨೦೨೬, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಅಮಲಾ,

ಹೇಗಿದ್ದೀ ತಾಯಿ? ವಾರ್ಡಿನಲ್ಲಿ ನಿಂತು ನಿಂತು ಕಾಲು ಊದಿಕೊಂಡಿದೆ ಎಂದು ನಿಮ್ಮಮ್ಮನಿಗೆ ಹೇಳಿದ್ದೆಯಂತೆ. ಮಲಗುವ ಮುಂಚೆ ಬಿಸಿನೀರಿಗೆ ಒಂದು ಹಿಡಿ ಉಪ್ಪು ಹಾಕಿ ಕಾಲು ಇಳಿಬಿಟ್ಟುಕೊಂಡು ಕೂತಿರು. ನರ್ಸಿಂಗ್ ಓದುವವಳಿಗೆ ಟೈಲರ್ ಅಪ್ಪ ಔಷಧಿ ಹೇಳಿಕೊಡುವುದೆಂದರೆ ನಿನಗೆ ನಗು ಬರಬಹುದು. ಆದರೆ ಇಡೀ ದಿನ ಮಷಿನ್ ತುಳಿಯುವವನಿಗೆ ಕಾಲಿನ ವಿಚಾರ ಅಲ್ಪಸ್ವಲ್ಪ ಗೊತ್ತು. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಎಂದು ಶುಕ್ರವಾರ ಪೂರ್ತಿ ಉಪವಾಸ ಕೂರಬೇಡ, ಒಂದು ಹೊತ್ತಾದರೂ ಉಣ್ಣು. ಇಲ್ಲಿ ನಾವು ಆರಾಮ. ನಿಮ್ಮಮ್ಮನಿಗೆ ಹೊಸ ಮನೆಯ ಅಡುಗೆಮನೆ ಹಿಡಿಸಿದೆ, ಆದರೆ ಹಿಡಿಸಿದೆ ಎಂದು ನನ್ನೆದುರು ಒಪ್ಪಿಕೊಳ್ಳುವುದಿಲ್ಲ. ನಿನ್ನ ತಂಗಿ ಆಗ್ನೆಸ್‌ಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಏಳು ವರ್ಷದವಳು ನಕ್ಕರೆ ನಮ್ಮಜ್ಜಿ ನಕ್ಕ ಹಾಗೆ ಕಾಣುತ್ತದೆ. ಯುಗಾದಿ ಹತ್ತಿರ ಬಂದಿರುವುದರಿಂದ ಅಂಗಡಿಯಲ್ಲಿ ಜಂಪರುಗಳ ರಾಶಿ ಬಿದ್ದಿದೆ.

ಹಾಸ್ಟೆಲಿನಲ್ಲಿ ಭಾನುವಾರ ಮಾತ್ರ ಫೋನು ಕೊಡುತ್ತಾರೆ, ಗೊತ್ತು. ಅಮ್ಮನ ಹತ್ತಿರ ಮಾತಾಡುತ್ತೀ, ಆಗ್ನೆಸ್‌ಳ ಹತ್ತಿರ ಹಲ್ಲಿನ ಸುದ್ದಿ ಪೂರ್ತಿ ಕೇಳುತ್ತೀ. ನಿಮ್ಮಮ್ಮ "ಅಪ್ಪಗ ಕೊಡ್ಲೇನು?" ಎಂದ ಕೂಡಲೇ ವಾರ್ಡನ್ ಕರೆಯುತ್ತಾರೆ. ಪಾಪ, ಆ ವಾರ್ಡನ್‌ಗೆ ನನ್ನ ಸರದಿ ಬಂದದ್ದು ಅದು ಹೇಗೆ ತಿಳಿಯುತ್ತದೋ! ನಾನು ದೂರುತ್ತಿಲ್ಲ ಮಗಳೇ. ನಿನ್ನ ಜಾಗದಲ್ಲಿ ನಾನಿದ್ದರೂ ಮಾತು ಬಿಡುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಮುಖ ನೋಡಿಕೊಂಡು ಇದನ್ನು ಹೇಳುವ ಶಕ್ತಿ ನನಗೂ ಇಲ್ಲ.

ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ದಿನ ನಡೆದದ್ದು ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೂ ನಾನು ಮಾಡಿದ್ದನ್ನು ನನ್ನ ಕೈಯಿಂದಲೇ ಬರೆಯಬೇಕು. ನಿಮ್ಮಮ್ಮ ಜ್ವರವೆಂದು ಮಲಗಿದ್ದಳು. ಕೂಡ್ಲಿಗಿಯ ಚರ್ಚಿನಲ್ಲಿ ಬೆಳಗಿನ ಪೂಜೆಗೆ ರಜೆಗೆ ಬಂದಿದ್ದ ನೀನು, ಆಗ್ನೆಸ್, ನಾನು ಮೂವರೇ ಹೋದೆವು, ಸ್ವಾಮಿಗಳು ನಮ್ಮ ಹಣೆಯ ಮೇಲೆ ಬೂದಿಯಲ್ಲಿ ಶಿಲುಬೆ ಬರೆದರು, ಹಾಗೇ ಬಸ್‌ಸ್ಟ್ಯಾಂಡಿಗೆ ಬಂದು ಮನೆ ನೋಡಲು ಕೊಟ್ಟೂರಿನ ಬಸ್ಸು ಹತ್ತಿದೆವು. ಕೂಡ್ಲಿಗಿಯ ಅಂಗಡಿ ಬಿಡಬೇಕಾಗಿ ಬಂದಿತ್ತು, ಕೊಟ್ಟೂರಿನಲ್ಲಿ ಅಂಗಡಿ ಸಿಕ್ಕಿತ್ತು, ಮನೆ ಮಾತ್ರ ಸಿಕ್ಕಿರಲಿಲ್ಲ. ಅದಕ್ಕೂ ಮುಂಚೆ ಎರಡು ಮನೆ ನೋಡಿದ್ದೆ. "ನಿಮ್ದು ಯಾವ ಮಂದಿರಿ?" ಎಂದು ಕೇಳಿದರು, ಹೇಳಿದೆ. "ಮನ್ಯಾಗ ಕೇಳಿ ಹೇಳ್ತೀವ್ರಿ" ಎಂದವರು ಮತ್ತೆ ಫೋನ್ ಎತ್ತಲೇ ಇಲ್ಲ. ಮೂರನೆಯದು ನೀಲಗಂಗಮ್ಮನವರ ಈ ಮನೆ. ಶಿವರಾತ್ರಿಗೆ ಕಟ್ಟಿದ್ದ ತೋರಣ ಬಾಗಿಲಲ್ಲಿ ಇನ್ನೂ ಇತ್ತು. ಅದನ್ನು ನೋಡಿದ್ದೇ ತಡ, ಇದೂ ಹೋಯಿತು ಎಂದುಕೊಂಡೆ. ನಿಮ್ಮಿಬ್ಬರನ್ನೂ ಕಾಂಪೌಂಡಿನ ಮರೆಗೆ ಎಳೆದುಕೊಂಡು, ಮೊದಲು ನನ್ನ ಹಣೆಯ ಮೇಲೆ ಮೂರು ಬೆರಳು ಅಡ್ಡ ಎಳೆದೆ. ಶಿಲುಬೆ ಹೋಗಿ ವಿಭೂತಿಯ ಪಟ್ಟೆಯಾಯಿತು. ಆಗ್ನೆಸ್ ಆಟವೆಂದುಕೊಂಡು ತಾನೇ ಹಣೆ ಮುಂದೆ ಚಾಚಿದಳು. ನೀನು ಹಿಂದೆ ಸರಿದು "ಅಪ್ಪಾ, ಬ್ಯಾಡ" ಅಂದೆ. ನಾನು ನಿನ್ನ ಹಿಂದಲೆ ಹಿಡಿದುಕೊಂಡು ತಿಕ್ಕಿದೆ. ಹದಿನೆಂಟು ವರ್ಷದ ಮಗಳ ಹಣೆಯನ್ನು ಕಳ್ಳನ ಹಾಗೆ ತಿಕ್ಕಿದೆ ಅಮಲಾ.

ವಾಪಸ್ ಬರುವಾಗ ಬಸ್ಸಿನಲ್ಲಿ ನೀನು ಒಂದೇ ಮಾತು ಕೇಳಿದೆ. "ಅಳಿಸೂದಾದ್ರ ನೀರು ಹಚ್ಚಿ ಅಳಿಸಬೇಕಿತ್ತಪ್ಪಾ. ಅವರ ಗುರುತು ಯಾಕ ಬರದಿ?" ನಾನು ಕಿಟಕಿಯ ಹೊರಗೆ ಏನೋ ನೋಡುವವನ ಹಾಗೆ ಕೂತೆ. ಮನೆ ಸಿಕ್ಕ ಖುಷಿಯಲ್ಲಿ ಇರಬೇಕಾದ ಹೊತ್ತಿನಲ್ಲಿ ಇವಳದೇನು ತಕರಾರು ಎಂದು ಆಗ ನನಗೆ ಸಿಟ್ಟೂ ಬಂದಿತ್ತು. ಆ ಸಿಟ್ಟಿಗೂ ಈಗ ನಾಚಿಕೆಯಾಗುತ್ತದೆ.

ಇದನ್ನು ಮಾಡಿದವನು ಎಂಥವನು ನೋಡು. ನಮ್ಮ ಹುಡುಗರು ಹತ್ತನೇ ಕ್ಲಾಸು ಮುಗಿಸಿದ್ದೇ ಚರ್ಚು ಮರೆಯುತ್ತಾರೆ, ಕ್ರಿಸ್ಮಸ್ಸಿಗೊಮ್ಮೆ ಹೊಸ ಅಂಗಿ ತೊಟ್ಟು ಮುಖ ತೋರಿಸುತ್ತಾರೆ, ಸಂಜೆ ಜಪಸರ ಹಿಡಿಯುವ ಕೈಯಲ್ಲಿ ಮೊಬೈಲು ಹಿಡಿಯುತ್ತಾರೆ ಎಂದು ಸ್ವಾಮಿಗಳನ್ನು ಕಾಡಿ ಬೇಡಿ ಭಾನುವಾರದ ತರಗತಿ ಶುರು ಮಾಡಿಸಿದವನು ನಾನು. ಹಗರಿಬೊಮ್ಮನಹಳ್ಳಿಯಿಂದ, ಕಾನಹೊಸಹಳ್ಳಿಯಿಂದ ಬರುವ ಮಕ್ಕಳಿಗೆ "ಯಾರು ಕೇಳಿದ್ರೂ ತಲಿ ಎತ್ತಿ ಹೇಳ್ರಿ" ಎಂದು ಬೋಧಿಸಿದವನು. ರಾಯಪ್ಪನ ಮಗ ವಿಲ್ಸನ್ ಕಾಲೇಜಿಗೆ ಹೋಗುವಾಗ ಕೊರಳಿನ ಶಿಲುಬೆಯನ್ನು ಅಂಗಿಯೊಳಗೆ ಇಳಿಬಿಡುತ್ತಾನೆಂದು ಎಲ್ಲರೆದುರು ಅವನನ್ನು ಆಡಿಕೊಂಡದ್ದನ್ನು ನೀನೂ ನೋಡಿದ್ದೀ. ಆ ದಿನ ನೀನು ನನ್ನನ್ನು ಕಣ್ಣಲ್ಲೇ ಗದರಿಸಿದ್ದೆ. ಇವತ್ತು ಬೆಳಿಗ್ಗೆ ಕೂಡ್ಲಿಗಿಯ ತರಗತಿಗೆ ಅವನು ಶಿಲುಬೆಯನ್ನು ಅಂಗಿಯ ಮೇಲೆ ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದ. ನನಗೆ ಅವನ ಕಡೆ ನೋಡಲು ಆಗಲಿಲ್ಲ. ತಲೆನೋವೆಂದು ಹೇಳಿ, ಮಕ್ಕಳಿಂದ ಒಂದು ಹಾಡು ಹಾಡಿಸಿ ಕಳಿಸಿಬಿಟ್ಟೆ.

ಆಮೇಲೆ ಸ್ವಾಮಿಗಳು ಪಕ್ಕಕ್ಕೆ ಕರೆದರು. ಈಸ್ಟರ್ ಆದ ಮೇಲೆ ಬಿಷಪ್ ಸ್ವಾಮಿಗಳು ಬಂದು ಕೊಡುವ, ವಿಶ್ವಾಸವನ್ನು ಎಲ್ಲರೆದುರು ಒಪ್ಪಿಕೊಳ್ಳುವ ದೃಢೀಕರಣ ಸಂಸ್ಕಾರಕ್ಕೆ ನಿನ್ನ ಹೆಸರು ಬೇಡವೆಂದು ನೀನು ಫೋನ್ ಮಾಡಿದ್ದೆಯಂತೆ. "ಯಾಕಂತ ಕೇಳಿದ್ರ, ನನಗ ಇನ್ನೂ ಅಷ್ಟು ಧೈರ್ಯ ಇಲ್ಲ ಸ್ವಾಮಿ ಅಂದ್ಲು" ಎಂದರು. ಅಷ್ಟೇ ಹೇಳಿದ್ದೀ. ಅಪ್ಪ ಹೀಗೆ ಮಾಡಿದ ಎಂದು ಒಂದು ಮಾತೂ ಹೇಳಿಲ್ಲ. ಧೈರ್ಯವಿಲ್ಲದವನು ನಾನು, ಇಲ್ಲವೆಂದು ಹೇಳಿಕೊಂಡವಳು ನೀನು. ಸ್ವಾಮಿಗಳು ನನ್ನ ಭುಜ ತಟ್ಟಿ "ನೀವ ತಿಳಿಸಿ ಹೇಳ್ರಿ ಚೌರಪ್ಪ, ನಿಮ್ಮ ಮಾತು ಕೇಳ್ತಾಳ" ಎಂದಾಗ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಇನ್ನೊಂದು ಸಂಗತಿ ನಿನಗೆ ಗೊತ್ತಿಲ್ಲ. ಮೊನ್ನೆ ನೀಲಗಂಗಮ್ಮನವರು ಜಂಪರಿನ ಅಳತೆ ಕೊಡಲು ಬಂದವರು, ಬಟ್ಟೆ ಕೊಟ್ಟ ಮೇಲೂ ಹೋಗದೆ ನಿಂತರು. "ಟೈಲರಪ್ಪಾ, ಆವತ್ತು ನೀವು ಬರೂದನ್ನ ನಾ ಮಾಳಿಗಿ ಮ್ಯಾಲಿಂದ ನೋಡೀನಿ. ಆ ಹುಡುಗಿ ಹಣಿ ಹಿಡದು ತಿಕ್ಕಿದೆಲ್ಲ, ಯಾಕ?" ಎಂದರು. ನಾನು ಅಳತೆಯ ಟೇಪು ಸುತ್ತತೊಡಗಿದೆ. ಅವರು ದನಿ ಏರಿಸಲಿಲ್ಲ. "ವಿಭೂತಿ ಹಚ್ಚಿಕೊಂಡು ನಾವು ಸುಳ್ಳು ಆಡೂದಿಲ್ಲಪ್ಪಾ. ನೀ ಆವತ್ತು ನಿಮ್ಮ ದೇವರನ್ನೂ ಸಣ್ಣ ಮಾಡಿದಿ, ನಮ್ಮ ದೇವರನ್ನೂ ಸಣ್ಣ ಮಾಡಿದಿ" ಎಂದರು. ಹಾಗಾದರೆ ಮನೆ ಯಾಕೆ ಕೊಟ್ಟಿರಿ ಎಂದು ಹೇಗೋ ಕೇಳಿದೆ. "ಆ ಹುಡುಗಿ ಕಣ್ಣಾಗ ನೀರಿತ್ತು, ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಮನ್ಯಾಗ ಮಾಂಸ ಮಾಡಬ್ಯಾಡ್ರಿ, ಅಷ್ಟ ನನ್ನ ಕರಾರು. ನಿಮ್ಮ ಪ್ರಾರ್ಥನಿ ನೀವು ಮಾಡಿಕೊಳ್ರಿ" ಎಂದು, ತೋಳು ಸ್ವಲ್ಪ ಸಡಿಲ ಇರಲಿ ಎಂದು ನೆನಪಿಸಿ ಹೋದರು. ನನ್ನ ಜಾಣತನದಿಂದ ಸಿಕ್ಕಿತು ಎಂದುಕೊಂಡಿದ್ದ ಮನೆ ಇದು. ನಿಮ್ಮಮ್ಮನಿಗೆ ಆ ಸಂಜೆ ಎಲ್ಲವನ್ನೂ ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಅನ್ನಕ್ಕೆ ಇಟ್ಟಳು.

ಕ್ಷಮಿಸು ಎಂದು ಬರೆಯಲು ಕೂತವನು ಇಷ್ಟು ಉದ್ದ ಬರೆದೆ. ನಿನ್ನ ತಪ್ಪು ಏನೂ ಇಲ್ಲ, ನಿನ್ನ ಧೈರ್ಯಕ್ಕೂ ಏನೂ ಆಗಿಲ್ಲ. ನನಗೆ ನನ್ನ ಬಗ್ಗೆ ನಾಚಿಕೆಯಾಗಿದೆ, ನಿನ್ನ ಬಗ್ಗೆ ಹೆಮ್ಮೆಯಿದೆ. ಮುಂದಿನ ಭಾನುವಾರ ತರಗತಿಯಲ್ಲಿ ಮಕ್ಕಳಿಗೆ, ಮೊದಲು ವಿಲ್ಸನ್‌ಗೆ, ನಾನು ಮಾಡಿದ್ದನ್ನು ಹೇಳುತ್ತೇನೆ. ಆಮೇಲೂ ಅವರಿಗೆ ನಾನು ಬೇಕಾದರೆ ಕಲಿಸುತ್ತೇನೆ, ಬೇಡವಾದರೆ ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ. ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು. ಮಾತೆ ಮರಿಯಮ್ಮ ನಿನ್ನ ರಾತ್ರಿ ಡ್ಯೂಟಿಗಳಲ್ಲಿ ಜೊತೆಗಿರಲಿ. ಅಮ್ಮನ ಮುತ್ತು, ತಂಗಿಯ ಬೊಕ್ಕ ನಗು ಇದರ ಜೊತೆ ಕಳಿಸಿದ್ದೇನೆ.

ನಿನ್ನ ಅಪ್ಪ,
ಚೌರಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಹೀಗಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಎದುರು ಮನೆಯ ದಾಕ್ಷಾಯಣಮ್ಮ, ಕಟ್ಟೆಯ ಮೇಲೆ ಆಡುತ್ತಿದ್ದ ಆಗ್ನೆಸ್‌ಳನ್ನು "ನಿನ್ನ ಹೆಸರೇನವ್ವಾ?" ಎಂದು ಕೇಳಿದರು. ಇವಳು ತಡವರಿಸದೆ "ಭಾಗ್ಯ" ಅಂದಳು. ಅಂದು, ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿ ನಕ್ಕಳು, ನಾನು ಶಭಾಷ್ ಅನ್ನಲಿ ಎಂದು. ನಾನು ಬೀದಿಗಿಳಿದು "ಅಲ್ರಿ, ಈಕಿ ಹೆಸರು ಆಗ್ನೆಸ್. ನಾವು ಕ್ರೈಸ್ತರು" ಎಂದೆ. ಅವರು "ಹೌದೇನ್ರಿ" ಎಂದು ಒಳಗೆ ಹೋದರು, ಅಷ್ಟೇ. ಆದರೆ ಇವಳು ಆಗಿನಿಂದ ಅಳುತ್ತಿದ್ದಾಳೆ. "ಹಂಗ ಹೇಳಿದ್ರ ಮನಿ ಬಿಡಿಸ್ತಾರಲ್ಲಪ್ಪಾ" ಅನ್ನುತ್ತಾಳೆ. ಇಲ್ಲ ಎಂದು ಎಷ್ಟು ಹೇಳಿದರೂ ನಂಬುತ್ತಿಲ್ಲ. ನನ್ನ ಮಾತನ್ನು ಯಾಕೆ ನಂಬಬೇಕು? ಅಮಲಾ, ದೃಢೀಕರಣ ನಿನಗೆ ಬಿಟ್ಟದ್ದು. ನನ್ನ ಜೊತೆ ಮಾತಾಡದಿದ್ದರೂ ಸರಿ. ಈಸ್ಟರಿನ ಹಿಂದಿನ ವಾರ, ಗರಿಗಳ ಭಾನುವಾರಕ್ಕೆ ಒಂದು ದಿನ ಬಂದು ಹೋಗು. ಅವಳ ಹೆಸರನ್ನು ಹೆದರದೆ ಹೇಳುವುದನ್ನು ಅವಳಿಗೆ ನೀನು ಕಲಿಸು.