ಬೋಗುಣಿಯ ನೀಲಿ ಅಂಚು

ಮಾರ್ಚ್ ೧೪, ಗುರುವಾರ ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ,

ಇವತ್ತು ನನ್ನ ಉಪವಾಸ. ನೀರು ಹಿಡಿದು, ಒಲೆಕಟ್ಟೆ ಒರೆಸಿ, ನಮ್ಮನೆಯವರಿಗೆ ಬುತ್ತಿ ಕಟ್ಟಿಕೊಟ್ಟು, ದೇವರ ಮುಂದೆ ಒಂದಿಷ್ಟು ಹೊತ್ತು ಕೂತು ಎದ್ದೆ. ಮೊದಲು ಬೇಡಿಕೊಂಡದ್ದು ನಿನ್ನ ಬಲಗೈ ವಿಷಯ. ನನ್ನ ಮೊಣಕಾಲಿನ ಸರದಿ ಅದಾದ ಮೇಲೆ ಬಂತು.

ಬರೆಯುವುದು ತಡವಾಯಿತು, ಬೈಯಬೇಡ. ಹಿಂದಿನ ಕಾಗದಗಳಿಗೆ ನಿನ್ನಿಂದ ಉತ್ತರ ಬಂದಿಲ್ಲ, ಆದರೂ ತಡ ಮಾಡಿದವಳು ನಾನೇ ಎಂದು ಇಟ್ಟುಕೋ. ಮಗಳ ಮನೆಯ ಗಾಳಿ ನಿನಗೆ ಒಗ್ಗಿತೇ? ಕಾಲು ಈಗ ನೆಲಕ್ಕೆ ಊರುತ್ತೀಯಂತೆ, ನಿನ್ನ ಮಗಳು ಫೋನಿನಲ್ಲಿ ಹೇಳಿದಳು. ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು.

ನನಗೆ ಪುರುಸೊತ್ತು ಸಿಗದಂತೆ ಮಾಡಿದ್ದು ಆಸ್ಪತ್ರೆಯ ಅಡುಗೆಮನೆ. ನಿನಗೆ ಪಾರ್ಶ್ವವಾಯು ಬಡಿಯುವ ಸ್ವಲ್ಪ ಮುಂಚೆ ಅಲ್ಲಿನ ಮೇಡಂ ನಾವಿಬ್ಬರು ಪಾತ್ರೆಗಳಿಗೆ ಹೊಲಿಯುವ ಬಟ್ಟೆ ಮುಚ್ಚಳ, ಅದೇ ನಮ್ಮ ಟೋಪಿ, ನೋಡಿ ಹೋಗಿದ್ದರಲ್ಲ, "ರೋಗಿಗಳ ಊಟದ ಬೋಗುಣಿಗೂ ಇಂಥದ್ದೇ ಬೇಕು ಕಣ್ರೀ, ಪ್ಲಾಸ್ಟಿಕ್ ಹಾಳೆ ಸುತ್ತೋದು ಎಸೆಯೋದು, ಸಾಕಾಗಿ ಹೋಗಿದೆ" ಎಂದು? ನೀನು ಮಗಳ ಮನೆಗೆ ಹೋದ ಮೇಲೆ ಮತ್ತೆ ಹೇಳಿಕಳಿಸಿದರು. ಕತ್ತರಿಸುವವಳು ನೀನು, ಹೊಲಿಯುವವಳು ನಾನು. ಬೀದಿಯವರು ನಿನ್ನನ್ನು ಕತ್ತರಿ ಅಕ್ಕ, ನನ್ನನ್ನು ಸೂಜಿ ಅಕ್ಕ ಎಂದು ಕರೆಯುವುದು ಅದಕ್ಕೇ ತಾನೇ. ಆದರೂ ಒಬ್ಬಳೇ ಒಪ್ಪಿಕೊಂಡೆ. ಧೈರ್ಯ ಎನ್ನು, ಕೊಬ್ಬು ಎನ್ನು.

ಅವರ ಬೋಗುಣಿ ಒಂದನ್ನು ಮಾದರಿಗೆ ತಂದೆ. ಅಗಲ ಬಾಯಿ, ಚಿಕ್ಕ ತಳ. ಬಟ್ಟೆಯ ಮೇಲಿಟ್ಟು ಸುತ್ತಲೂ ಸೀಮೆಸುಣ್ಣದ ಗೆರೆ ಎಳೆದೆ. ನೀನು ಬಿಡುವ ಹಾಗೆಯೇ ಹೊರಗೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸಿದೆ. ಅಂಚು ಮಡಿಸಿ ಹೊಲಿದು, ಎಲಾಸ್ಟಿಕ್ ಪೋಣಿಸಿದೆ. ಗಂಟು ಹೊತ್ತುಕೊಂಡು ಮದುವೆ ಹೆಣ್ಣಿನ ತಾಯಿಯ ಗತ್ತಿನಲ್ಲಿ ಆಸ್ಪತ್ರೆಗೆ ಹೋದೆ.

ಮೇಡಂ ಒಂದನ್ನು ತೆಗೆದು ಬೋಗುಣಿಯ ಬಾಯಿಗೆ ಎಳೆದರು. ಬರಲಿಲ್ಲ. ಇನ್ನೊಂದು ಎಳೆದರು. ಅದೂ ಬರಲಿಲ್ಲ. ಪಾತ್ರೆ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದು, ಬೋಗುಣಿಯನ್ನು ಮಗುಚಿ ಅದರ ತಳಕ್ಕೆ ತೊಡಿಸಿದಳು. ಹೇಳಿ ಮಾಡಿಸಿದ ಹಾಗೆ ಕೂತಿತು ನೋಡು!

"ಅಯ್ಯೋ ಅಮ್ಮಾ, ನೀವು ಹೊಲಿದಿರೋದು ಟೋಪಿ ಅಲ್ಲ, ಕಾಲುಚೀಲ!" ಎಂದಳು. ಅಡುಗೆಮನೆಗೆ ಅಡುಗೆಮನೆಯೇ ನಕ್ಕಿತು. ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ನೀನು ಪಾತ್ರೆಯನ್ನು ಬೋರಲು ಹಾಕಿ ಗೆರೆ ಎಳೆಯುತ್ತಿದ್ದದ್ದು ನನಗೆ ಹೊಳೆದದ್ದು ಆಗ. ಇಷ್ಟು ವರ್ಷ ನಿನ್ನ ಎದುರಿಗೇ ಕೂತವಳು ಒಂದು ಸಲ ತಲೆ ಎತ್ತಿ ನೋಡಿದ್ದರೆ ತಾನೇ! ನನ್ನ ಕಣ್ಣು ಯಾವತ್ತೂ ಸೂಜಿಯ ಮೇಲೆ, ಕಿವಿ ನಿನ್ನ ಮಾತಿನ ಮೇಲೆ.

ಮೇಡಂ ಬೈಯಲಿಲ್ಲ. "ಹೋಗ್ಲಿ ಬಿಡಿ, ಅಂಗಡಿಯಿಂದಲೇ ಏನಾದ್ರೂ ತರಿಸ್ತೀನಿ" ಎಂದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ಸೋಮವಾರದ ತನಕ ತಡೀರಿ ಮೇಡಂ," ಎಂದೆ.

"ಯಾಕೆ, ನಿಮ್ಮ ಕತ್ತರಿ ಅಕ್ಕ ಬಂದ್ರಾ?"

"ಬರ್ತಾರೆ," ಎಂದೆ. ಯಾವಾಗ ಎಂದು ಅವರು ಕೇಳಲಿಲ್ಲ, ದೇವರು ದೊಡ್ಡವನು.

ಬಿಚ್ಚಿ ಮತ್ತೆ ಕತ್ತರಿಸೋಣವೆಂದರೆ ಬಟ್ಟೆ ಮುಗಿದಿತ್ತು. ಉಳಿದ ದಾರಿ ಒಂದೇ, ಸುತ್ತಲೂ ಪಟ್ಟಿ ಸೇರಿಸಿ ದೊಡ್ಡದು ಮಾಡುವುದು. ಗಾಳಿಯಾಡಲಿ ಎಂದು ನಿನ್ನ ಮನೆಯ ಬಾಗಿಲು ತೆಗೆಯಲು ಹೋದವಳು, ನಿನ್ನ ಅಡುಗೆಮನೆ ಕಿಟಕಿಯ ನೀಲಿ ಪರದೆ ಬಿಚ್ಚಿಕೊಂಡು ಬಂದೆ. ಹೌದು, ಕೇಳದೆ ತಂದೆ. ಬಂದು ಜಗಳ ಆಡು. ಓರೆಗೆ ಕತ್ತರಿಸಿದರೆ ಪಟ್ಟಿ ಸುತ್ತಿನ ಜೊತೆ ಬಗ್ಗುತ್ತದೆ ಎಂದು ನೀನು ಯಾವಾಗಲೋ ಹೇಳಿದ್ದು ಕಿವಿಯಲ್ಲಿ ಉಳಿದಿತ್ತು. ಅದೇ ಕಾಪಾಡಿತು. ಪರದೆ ಅರ್ಧಕ್ಕೇ ಮುಗಿಯಿತು. ಮಿಕ್ಕವಕ್ಕೆ ನಮ್ಮ ದಿಂಬಿನ ಬಿಳಿ ಚೀಲ ಹರಿದೆ. ನಮ್ಮನೆಯವರು ಬರೀ ದಿಂಬಿನ ಮೇಲೆ ಮಲಗಿ, "ಊರಿಗೆಲ್ಲ ಟೋಪಿ ಹಾಕಿದ್ದಾಯ್ತು, ಇನ್ನು ಆಸ್ಪತ್ರೆ ಒಂದು ಬಾಕಿ ಇತ್ತು ನಿಮ್ಮಿಬ್ಬರಿಗೆ" ಎಂದರು.

ಸೋಮವಾರ ಮೇಡಂ ಮುಂದೆ ಗಂಟು ಬಿಚ್ಚಿದೆ. ಅರ್ಧ ನೀಲಿ ಅಂಚು, ಅರ್ಧ ಬಿಳಿ ಅಂಚು. ಇದೇನು ತೇಪೆ ಕೌದಿ ಎಂದಾರು ಎಂಬ ಹೆದರಿಕೆ. ಮೇಡಂ ಒಂದನ್ನು ಬೋಗುಣಿಗೆ ಎಳೆದರು. ಟಪ್ಪೆಂದು ಕೂತಿತು. ಬೋಗುಣಿಯನ್ನು ಓರೆ ಮಾಡಿ ನೋಡಿದರು, ಜಾರಲಿಲ್ಲ. ಆಮೇಲೆ ನೀಲಿ ಒಂದನ್ನು, ಬಿಳಿ ಒಂದನ್ನು ಅಕ್ಕಪಕ್ಕ ಇಟ್ಟು ನೋಡಿದರು.

"ನೀಲಿ ಅಂಚಿಂದು ಉಪ್ಪಿಲ್ಲದ ಊಟಕ್ಕೆ," ಎಂದರು. "ಬಿಳೀದು ಉಪ್ಪಿರೋದಕ್ಕೆ. ಯಾವುದು ಯಾರದ್ದು ಅಂತ ಹಾಳೆ ಮೇಲೆ ಚೀಟಿ ಅಂಟಿಸೋ ಗೋಳು ತಪ್ಪಿತು ನೋಡಿ!"

ಮಧ್ಯಾಹ್ನ ಊಟದ ತಳ್ಳುಗಾಡಿ ಹೊರಟಿತು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಅಕ್ಕಾ, ನಿನ್ನ ಕಿಟಕಿಯ ಪರದೆ ಉಪ್ಪಿಲ್ಲದ ಬೋಗುಣಿ ಬೋಗುಣಿಗೂ ಸುತ್ತಿಕೊಂಡು ಉದ್ದದ ಓಣಿಯಲ್ಲಿ ಹೋಗುತ್ತಿತ್ತು. ನೊಣ ಕೂರಲಿಲ್ಲ, ಧೂಳು ಬೀಳಲಿಲ್ಲ, ಹಬೆ ಮಾತ್ರ ನೂಲಿನ ಸಂದಿಯಿಂದ ಮೆಲ್ಲಗೆ ಏಳುತ್ತಿತ್ತು. ಎದೆ ಉಬ್ಬಿ ರವಿಕೆ ಬಿಗಿಯಾಯಿತು. ಹೆಮ್ಮೆ ಪಡಬಾರದು ಎನ್ನುತ್ತಾರೆ. ಆ ಹೊತ್ತಿಗೆ ದೇವರು ಆ ಕಡೆ ನೋಡುತ್ತಿದ್ದ ಎಂದುಕೊಂಡಿದ್ದೇನೆ. "ಯಾರು ಹೊಲಿದದ್ದು?" ಎಂದು ಒಬ್ಬ ನರ್ಸ್ ಕೇಳಿದಳು. "ನಾವಿಬ್ಬರು," ಎಂದೆ. ಪಾತ್ರೆ ತೊಳೆಯುವವಳು ನಾನು ಹೊರಡುವಾಗ ಹಿಂದೆಯೇ ಓಡಿಬಂದು, "ನಮ್ಮನೆಗೂ ಒಂದು ಕಾಲುಚೀಲ ಹೊಲಿದುಕೊಡಮ್ಮಾ" ಎಂದು ಕಿವಿಯಲ್ಲಿ ಹೇಳಿದಳು.

ಈಗ ದೊಡ್ಡ ಅನ್ನದ ಪಾತ್ರೆಗಳಿಗೂ ಬೇಕಂತೆ. ಒಪ್ಪಿಕೊಂಡಿದ್ದೇನೆ. ಮತ್ತೆ ನಾನೇ ಕತ್ತರಿಸಿದರೆ ಏನಾಗುತ್ತದೋ ನಿನಗೆ ಗೊತ್ತು.

ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ. ನಿನ್ನನ್ನು ದೇವರು ಎರಡೂ ಕೈಯಲ್ಲಿ ಹಿಡಿದುಕೊಂಡಿರಲಿ.

ನಿನ್ನ
ಸೂಜಿ

ಮರೆತೆ ಎಂದುಕೊಳ್ಳಬೇಡ, ಕಡೆಗೆ ಬರೆಯೋಣವೆಂದು ಇಟ್ಟುಕೊಂಡಿದ್ದೆ. ಹೋದ ಸಲ ನಮ್ಮನೆಯವರು ಬ್ರೆಡ್ಡಿನ ವ್ಯಾನ್ ಓಡಿಸಿಕೊಂಡು ನಿಮ್ಮ ಕಡೆಗೆ ಬಂದಾಗ ನೀನು ಒಂದು ಪೊಟ್ಟಣ ಕೊಟ್ಟು ಕಳಿಸಿದೆ. ಉತ್ತರ ಬಂತು ಎಂದು ಒದ್ದೆ ಕೈಯಲ್ಲೇ ಬಿಚ್ಚಿದೆ. ನಿನ್ನ ಕತ್ತರಿ. ಜೊತೆಗೆ ಒಂದು ಮಾತೂ ಇಲ್ಲ. "ಇದಿನ್ನು ನನಗ್ಯಾಕೆ ಅಂತ ಅಮ್ಮ ಗೋಡೆ ಕಡೆ ತಿರುಗಿಬಿಟ್ರು" ಎಂದು ನಿನ್ನ ಮಗಳು ಅವರಿಗೆ ಹೇಳಿದಳಂತೆ. ನಿನ್ನ ಕೈ ಸ್ವಾಧೀನ ತಪ್ಪಿದ ದಿನವೂ ನಾನು ಅಷ್ಟು ಅತ್ತಿರಲಿಲ್ಲ ಅಕ್ಕಾ. ಆ ಕತ್ತರಿಯಲ್ಲಿ ಒಂದು ನೂಲನ್ನೂ ಕತ್ತರಿಸಿಲ್ಲ. ನೀನು ಕೂರುವ ಮಣೆಯ ಮೇಲ್ಗಡೆ, ಗೋಡೆಯ ಮೊಳೆಗೆ ನೇತುಹಾಕಿದ್ದೇನೆ.

ಈ ಕಾಗದದ ಜೊತೆ ಬೇರೆ ಕತ್ತರಿ ಇದೆ. ಎಡಗೈಯವರಿಗೆಂದೇ ಮಾಡಿದ್ದು, ಸಾಣೆ ಹಿಡಿಯುವವನು ಹುಡುಕಿಸಿಕೊಟ್ಟ. ಬಟ್ಟೆ, ಸೀಮೆಸುಣ್ಣವೂ ಇವೆ. ಮಗಳ ಮನೆಯ ಯಾವುದಾದರೂ ಬೋಗುಣಿ ಬೋರಲು ಹಾಕು, ಅವಳು ಅದುಮಿ ಹಿಡಿದುಕೊಳ್ಳಲಿ. ಒಂದೇ ಒಂದು ಕತ್ತರಿಸು. ಸೊಟ್ಟಗಾಗಲಿ, ಹಲ್ಲುಹಲ್ಲಾಗಲಿ. ಎಲಾಸ್ಟಿಕ್ ಎಳೆದ ಮೇಲೆ ಸೊಟ್ಟವೆಲ್ಲ ನೆರಿಗೆಯೊಳಗೆ ಹೋಗುತ್ತದೆ. ಅದು ನನ್ನ ಪಾಲಿನ ಕೆಲಸ.

ಪೊಟ್ಟಣವನ್ನು ನಮ್ಮನೆಯವರು ನಾಳೆ ತಂದುಕೊಡುತ್ತಾರೆ. ಮುಂದಿನ ಶುಕ್ರವಾರ ಬ್ರೆಡ್ ಇಳಿಸಿ ಮತ್ತೆ ನಿನ್ನ ಬಾಗಿಲಿಗೆ ಬರುತ್ತಾರೆ. ಕಾಗದ ಬೇಡ, ಆ ಬಟ್ಟೆಯನ್ನು ಅವರ ಕೈಗೆ ಕೊಡು. ಬರಿಗೈಯಲ್ಲಿ ಬಂದರೆ ಮನೆಯೊಳಗೆ ಸೇರಿಸುವುದಿಲ್ಲ ಎಂದು ಹೇಳಿದ್ದೇನೆ. ಒಂದು ಲೋಟ ಟೀ ಕೊಟ್ಟು ಕೂರಿಸು, ನೀನು ಕತ್ತರಿಸಿ ಮುಗಿಸುವ ತನಕ ಕಾಯುತ್ತಾರೆ.