ನಿಟ್ಟುವಳ್ಳಿಯ ಕಂಬ ಮತ್ತು ಒಂದು ಭಾನುವಾರದ ರೇಡಿಯೋ

ಮಾನ್ಯ ವಿದ್ಯುತ್ ಕಚೇರಿಯ ಎಂಜಿನಿಯರ್ ಸಾಹೇಬರೇ,

ನಿಟ್ಟುವಳ್ಳಿಯ ನಮ್ಮ ಓಣಿಯಲ್ಲಿ, ಹಿಟ್ಟಿನ ಗಿರಣಿಯ ಎದುರಿಗೆ ನಿಂತಿರುವ ತಮ್ಮ ಕಂಬದ ತುದಿಯಲ್ಲಿ, ತಂತಿಯನ್ನು ಹಿಡಿದಿರುವ ಒಂದು ಪಿಂಗಾಣಿ ಬಟ್ಟಲು ಬಿರುಕು ಬಿಟ್ಟಿದೆ. ಅಲ್ಲಿ ಸದಾ ಸಣ್ಣ ಕಿಡಿ ಹಾರುತ್ತಿರುತ್ತದೆ. ಆ ಕಿಡಿಯ ಗದ್ದಲ ಸುತ್ತಲಿನ ರೇಡಿಯೋಗಳ ಬಾಯಿ ಮುಚ್ಚಿಸಿದೆ. ಇದನ್ನು ಐದು ತಿಂಗಳಲ್ಲಿ ನಾಲ್ಕು ಅರ್ಜಿಗಳ ಮೂಲಕ ತಮ್ಮ ಗಮನಕ್ಕೆ ತಂದಿದ್ದೇನೆ. ತಮ್ಮ ಗಮನ ಎಲ್ಲಿದೆಯೋ ನನಗೆ ತಿಳಿಯದು. ಅರ್ಜಿಗಳಂತೂ ಅಲ್ಲಿಗೆ ತಲುಪಿಲ್ಲ. ಸಾಹೇಬರು ಬೆಳಿಗ್ಗೆ ಪತ್ರಿಕೆಯನ್ನು ಮಾತ್ರ ತಪ್ಪದೆ ಓದುತ್ತಾರೆಂದು ತಮ್ಮ ಕಚೇರಿಯ ಜವಾನರು ಹೇಳಿದ್ದರಿಂದ, ಐದನೆಯ ಅರ್ಜಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ತಗಡಿನ ಕೆಲಸದವನು. ಟ್ರಂಕು, ಬಕೆಟ್ಟು, ಎಣ್ಣೆ ಡಬ್ಬಿ ಮಾಡುತ್ತೇನೆ. ಮೊದಲು ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ. ರೇಡಿಯೋ ರಿಪೇರಿ ಅಂಗಡಿಯ ಕೆಂಚವೀರಪ್ಪನವರು ತಮ್ಮ ಅಂಗಡಿಯಿಂದ ತಂತಿ ಎಳೆದು, ಓಣಿಯ ಹತ್ತು ಮನೆಗಳ ಗೋಡೆಗೆ ಒಂದೊಂದು ಸ್ಪೀಕರ್ ಡಬ್ಬಿ ಹಾಕಿಕೊಟ್ಟಿದ್ದರು. ಅಂಗಡಿಯ ರೇಡಿಯೋ ಏನು ಹಾಡುತ್ತದೋ ನಮ್ಮ ಡಬ್ಬಿಯೂ ಅದನ್ನೇ ಹಾಡಬೇಕು. ಅವರಿಗೆ ಸಿಲೋನ್ ಕೇಂದ್ರದ ಸಿನಿಮಾ ಹಾಡು ಇಷ್ಟವಾದ್ದರಿಂದ ಹತ್ತೂ ಮನೆಗಳಿಗೆ ಅದೇ ಇಷ್ಟ. ಅವರು ಮಗಳ ಊರಿಗೆ ಹೋದರೆ ಹತ್ತೂ ಮನೆಗಳು ಮೂಕ. ನನ್ನ ಹೆಂಡತಿ ರಶೀದಾಳಿಗೆ ಧಾರವಾಡ ಕೇಂದ್ರದ ಹೆಣ್ಣುಮಕ್ಕಳ ಕಾರ್ಯಕ್ರಮ ಕೇಳುವ ಆಸೆ. ಎರಡು ವರ್ಷ ಸಿಲೋನನ್ನೇ ಕೇಳಿ ಕೇಳಿ ಸಾಕಾಗಿ, ಕೊನೆಗೆ ತಂತಿ ಬಿಚ್ಚಿಸಿ ಹಳೆಯದೊಂದು ವಾಲ್ವಿನ ರೇಡಿಯೋ ತಂದೆವು. ಅಂಚೆ ಕಚೇರಿಗೆ ಹೋಗಿ, ರೇಡಿಯೋ ಇಟ್ಟುಕೊಳ್ಳಲು ಬೇಕಾದ ಲೈಸೆನ್ಸನ್ನೂ ಮಾಡಿಸಿದೆ.

ಏರಿಯಲ್ ಕಟ್ಟುವುದರಲ್ಲಿ ನಾನು ಯಾವ ಕೊರತೆಯನ್ನೂ ಮಾಡಲಿಲ್ಲ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು, ಏಕೆಂದರೆ ತಮ್ಮವರು ಮೊದಲು ತೋರಿಸಿದ ತಪ್ಪು ಅದೇ. ಮನೆಯ ಎರಡು ತುದಿಗೂ ಎತ್ತರದ ಬಿದಿರು ನೆಟ್ಟು, ನಡುವೆ ತಾಮ್ರದ ತಂತಿ ಬಿಗಿದೆ. ಧಾರವಾಡ ನಮಗೆ ವಾಯವ್ಯಕ್ಕೆ ಬರುವುದರಿಂದ ತಂತಿ ಅದಕ್ಕೆ ಅಡ್ಡವಾಗಿರಬೇಕೆಂದು ಕೆಂಚವೀರಪ್ಪನವರೇ ಹೇಳಿಕೊಟ್ಟರು. ಅವರ ತಂತಿ ಬಿಚ್ಚಿಸಿದವನಿಗೆ ಅಷ್ಟು ಹೇಳಿಕೊಡುವುದು ಅವರ ದೊಡ್ಡತನ. ಅರ್ಥ್ ತಂತಿಗಾಗಿ ಹಿತ್ತಲಲ್ಲಿ ಎದೆಮಟ್ಟ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿದೆ. ರಶೀದಾ ದಿನಾ ಅದಕ್ಕೆ ಒಂದು ಕೊಡ ನೀರು ಹೊಯ್ಯುತ್ತಾಳೆ. ನೋಡಿದವರು ಅಲ್ಲಿ ತೆಂಗಿನ ಸಸಿ ಇದೆಯೇನೋ ಎಂದುಕೊಳ್ಳುತ್ತಾರೆ.

ಇಷ್ಟಾದರೂ ಧಾರವಾಡ ಹಿಡಿದರೆ ಬರುತ್ತಿದ್ದುದು ಬಾಣಲೆಯಲ್ಲಿ ಎಣ್ಣೆ ಸಿಡಿದಂಥ ಸದ್ದು. ಬಿದಿರನ್ನು ಇನ್ನೂ ಎತ್ತರಿಸಿದೆ, ತಂತಿ ಬದಲಾಯಿಸಿದೆ, ರೇಡಿಯೋವನ್ನು ಎರಡು ಸಲ ಬಿಚ್ಚಿ ತೋರಿಸಿದೆ. ಕೊನೆಗೆ ಹರಿಹರದಲ್ಲಿರುವ ನನ್ನ ಬಾವಮೈದ ಜಾಫರ್ ತನ್ನ ಸೆಲ್ಲಿನ ಟ್ರಾನ್ಸಿಸ್ಟರ್ ಹಿಡಿದು ಬಂದ. ಮನೆಯ ಮೇನ್ ಸ್ವಿಚ್ ತೆಗೆದು ಕೇಳಿದೆವು, ಗದ್ದಲ ಹಾಗೇ ಇತ್ತು. ಟ್ರಾನ್ಸಿಸ್ಟರ್ ಹಿಡಿದು ಓಣಿಯುದ್ದಕ್ಕೂ ನಡೆದೆವು. ಗಿರಣಿ ಹತ್ತಿರವಾದಂತೆ ಸದ್ದು ಏರಿತು, ಕಂಬದ ಕೆಳಗೆ ನಿಂತಾಗ ಕಿವಿ ಹರಿಯುವಂತಾಯಿತು. ಅಷ್ಟರಲ್ಲಿ ಇಡೀ ಊರಿನ ಕರೆಂಟು ಹೋಯಿತು. ಆಗ ಧಾರವಾಡ ನಮ್ಮ ಕೈಯಲ್ಲೇ ಕೂತು ಮಾತಾಡಿದ ಹಾಗೆ ಸ್ಪಷ್ಟವಾಗಿ ಕೇಳಿಸಿತು. ತಮ್ಮ ಇಲಾಖೆ ಕೆಲಸ ನಿಲ್ಲಿಸಿದ ಆ ಇಪ್ಪತ್ತು ನಿಮಿಷಗಳಿಗಾಗಿ ನಾವು ಇಂದಿಗೂ ಕೃತಜ್ಞರು.

ತಮ್ಮ ಲೈನ್‌ಮನ್ ಒಬ್ಬರು ನೋಡಿ ಬಟ್ಟಲು ಬಿರುಕು ಬಿಟ್ಟಿರುವುದನ್ನು ಒಪ್ಪಿದರು. ಹೊಟ್ಟೆಪಾಡಿನವರು, ಅವರ ಹೆಸರು ಬರೆಯುವುದಿಲ್ಲ. ಹತ್ತು ನಿಮಿಷದ ಕೆಲಸ, ಆದರೆ ಸಾಹೇಬರ ಕಾಗದ ಇಲ್ಲದೆ ಲೈನ್ ಬಂದ್ ಮಾಡುವಂತಿಲ್ಲ ಎಂದರು. ಆ ಕಾಗದಕ್ಕಾಗಿ ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಅರ್ಜಿಯನ್ನು ಪೂರ್ತಿ ಓದಿ, "ದೀಪ ಉರಿತೈತೋ ಇಲ್ಲೋ? ಉರಿತೈತೆ ಅಂದ ಮ್ಯಾಲೆ ನಮ್ಮ ಕೆಲಸ ಮುಗೀತಲ್ರಿ. ಸದ್ದಿನ ವಿಷ್ಯ ಪೋಸ್ಟಾಫೀಸಿನವ್ರಿಗೆ ಕೇಳ್ರಿ" ಎಂದರು. ಪೋಸ್ಟ್ ಆಫೀಸಿನವರು, ನಾವು ಲೈಸೆನ್ಸ್ ಕೊಡುತ್ತೇವೆ, ಕೇಳಿಸುವ ಜವಾಬ್ದಾರಿ ನಮ್ಮದಲ್ಲ ಎಂದರು. ಎರಡನೆಯ ಅರ್ಜಿಗೆ ಮಾತ್ರ ಲಿಖಿತ ಉತ್ತರ ಬಂತು: ನನ್ನ ಬಿದಿರು ಗಳುಗಳಿಂದ ವಿದ್ಯುತ್ ಮಾರ್ಗಕ್ಕೆ ಅಪಾಯವಿರುವುದರಿಂದ ಏಳು ದಿನಗಳೊಳಗೆ ತೆಗೆಯತಕ್ಕದ್ದು. ಗಳುಗಳು ತಮ್ಮ ತಂತಿಯಿಂದ ಎಷ್ಟು ದೂರವಿವೆ ಎಂದು ಅಳೆಯಲು ಯಾರೂ ಬಂದಿರಲಿಲ್ಲ. ಬಂದಿದ್ದರೆ ಕಂಬವನ್ನೂ ನೋಡಬೇಕಾಗುತ್ತಿತ್ತಲ್ಲ?

ಇಲ್ಲಿಯವರೆಗಿನದು ನನ್ನೊಬ್ಬನ ಕಿವಿಯ ಕಷ್ಟ. ಅಷ್ಟೇ ಆಗಿದ್ದರೆ ಪತ್ರಿಕೆಗೆ ಬರೆಯುತ್ತಿರಲಿಲ್ಲ.

ನಮ್ಮ ಪಕ್ಕದ ಮನೆಯವರು ಕರಿಯವ್ವ. ಅರವತ್ತು ದಾಟಿದವರು, ಒಂಟಿ. ಮೊದಲು ಊರವರ ಮನೆಗಳಲ್ಲಿ ಜೋಳ ರಾಗಿ ಬೀಸಿಕೊಡುತ್ತಿದ್ದರು. ಗಿರಣಿ ಬಂದ ಮೇಲೆ ಅದೇ ಗಿರಣಿಯಲ್ಲಿ ಕಸ ಗುಡಿಸುತ್ತಾರೆ. ಬೀಸುವ ಕಲ್ಲು ನಿಂತಿತು, ಬೀಸುವಾಗ ಹಾಡುವ ಪದಗಳು ಅವರ ಬಾಯಲ್ಲಿ ಉಳಿದವು. ಕಸ ಗುಡಿಸುವಾಗ, ನೀರು ಸೇದುವಾಗ, ನಮ್ಮ ಕಟ್ಟೆಯ ಮೇಲೆ ಕೂತು ರಶೀದಾಳ ಜೊತೆ ಅಕ್ಕಿ ಆರಿಸುವಾಗ ಹಾಡುತ್ತಲೇ ಇರುತ್ತಿದ್ದರು. ಓದು ಬರಹ ಬಾರದ ಅವರಿಗೆ ಎಷ್ಟು ಪದ ಬರುತ್ತವೆಂದು ಅವರಿಗೇ ತಿಳಿಯದು. ಕಾಲೇಜಿನ ಮೇಷ್ಟ್ರೊಬ್ಬರು ಒಮ್ಮೆ ಗಿರಣಿಗೆ ಬಂದಾಗ ಅದನ್ನು ಕೇಳಿ, ಬರೆದುಕೊಂಡು, ಧಾರವಾಡಕ್ಕೆ ಪತ್ರ ಹಾಕಿದರು. ಬೇಸಿಗೆಯಲ್ಲಿ ಅವರೇ ಕರಿಯವ್ವನನ್ನು ರೈಲಿನಲ್ಲಿ ಕರೆದುಕೊಂಡು ಹೋದರು. ಜೊತೆಗೆ ರಶೀದಾಳೂ ಹೋಗಿದ್ದಳು. ಅಲ್ಲಿಯವರು ಕರಿಯವ್ವನ ಮುಂದೆ ನಿಜವಾದ ಬೀಸುವ ಕಲ್ಲನ್ನೇ ಇಟ್ಟು, ಹಾಡನ್ನು ಟೇಪಿನಲ್ಲಿ ಹಿಡಿದುಕೊಂಡರಂತೆ. ತಿರುಗಿ ಬಂದ ಕರಿಯವ್ವ ಒಂದು ವಾರ ಕಾಲು ನೆಲಕ್ಕೆ ಇಟ್ಟಿರಲಿಲ್ಲ. ಅವರಿಗಿದ್ದ ಕುತೂಹಲ ಒಂದೇ. ಇಷ್ಟು ವರ್ಷ ಹಾಡಿದ್ದಾರೆ, ತಮ್ಮ ದನಿ ಬೇರೆಯವರಿಗೆ ಹೇಗೆ ಕೇಳಿಸುತ್ತದೆಂದು ಗೊತ್ತಿಲ್ಲ.

ಆಗಸ್ಟಿನ ಕೊನೆಯ ಭಾನುವಾರ ಮಧ್ಯಾಹ್ನ ಪ್ರಸಾರವೆಂದು ಕಾಗದ ಬಂತು. ನಾನು ಮೂರನೆಯ ಅರ್ಜಿ ಹಿಡಿದು ತಮ್ಮ ಕಚೇರಿಗೆ ಓಡಿದೆ. ಆ ದಿನ ತಾವೇ ಸಿಕ್ಕಿರಿ. ತಮಗೆ ನೆನಪಿರಲಿಕ್ಕಿಲ್ಲ. ನಾನು ಕರಿಯವ್ವನ ಸಂಗತಿಯನ್ನೆಲ್ಲ ಹೇಳಿದೆ. ತಾವು ತಲೆ ಎತ್ತಿ ನೋಡಿ, ಶನಿವಾರದೊಳಗೆ ಮಾಡಿಸಿಕೊಡುತ್ತೇನೆ, ನಿಶ್ಚಿಂತೆಯಿಂದ ಹೋಗಿ ಎಂದಿರಿ. ನಾನು ನಿಶ್ಚಿಂತೆಯಿಂದ ಹೋದೆ. ಕರಿಯವ್ವನನ್ನು ಹರಿಹರಕ್ಕೆ, ಜಾಫರನ ಮನೆಗೆ ಕರೆದುಕೊಂಡು ಹೋಗಬಹುದಿತ್ತು. ಅಲ್ಲಿ ಧಾರವಾಡ ಚೆನ್ನಾಗಿ ಬರುತ್ತದೆ. ರಶೀದಾ ಹಾಗೆಂದಳು ಕೂಡ. ಸಾಹೇಬರೇ ಮಾತು ಕೊಟ್ಟಿದ್ದಾರೆ ಎಂದು ನಾನೇ ತಡೆದೆ.

ಶನಿವಾರ ಸಂಜೆಯವರೆಗೆ ಕಂಬದ ಹತ್ತಿರ ಯಾರೂ ಬರಲಿಲ್ಲ. ಭಾನುವಾರ ಬೆಳಿಗ್ಗೆ ತಮ್ಮ ಕಚೇರಿಗೆ ಬೀಗ. ಅಷ್ಟು ಹೊತ್ತಿಗೆ ಹರಿಹರಕ್ಕೆ ಹೊರಡೋಣವೆಂದರೆ ಕರಿಯವ್ವ ಒಪ್ಪಲಿಲ್ಲ, ಓಣಿಯವರನ್ನೆಲ್ಲ ಕರೆದಾಗಿತ್ತು. ಗಿರಣಿ ಮಾಲೀಕರ ಹೆಂಡತಿ ಶಕುಂತಲಮ್ಮ ಬಂದಿದ್ದರು, ಕೆಂಚವೀರಪ್ಪನವರು ಬಂದಿದ್ದರು, ನಮ್ಮ ಅಂಗಳದಲ್ಲಿ ನಲವತ್ತು ಜನ ಕೂತಿದ್ದರು. ಕರಿಯವ್ವ ಒಗೆದ ಸೀರೆ ಉಟ್ಟು, ರೇಡಿಯೋದ ಎದುರಿಗೇ, ಮದುವೆಯ ಹೆಣ್ಣಿನಂತೆ ತಲೆ ತಗ್ಗಿಸಿ ಕೂತಿದ್ದರು.

ಕಿಡಿ ಒಂದು ಕ್ಷಣ ತಣ್ಣಗಾಗಿತ್ತೋ ಏನೋ, ಅವರ ಹೆಸರು ಹೇಳಿದ್ದು ಕೇಳಿಸಿತು. ದಾವಣಗೆರೆ ಎಂದದ್ದೂ ಕೇಳಿಸಿತು. ಆಮೇಲೆ ಹದಿನೈದು ನಿಮಿಷ ತಮ್ಮ ಕಂಬ ಹಾಡಿತು. ನಾನು ತಿರುಗಣಿ ತಿರುವಿದೆ, ಏರಿಯಲ್ ತಂತಿ ಹಿಡಿದು ನಿಂತೆ. ಆ ಗರಗರದೊಳಗೆ ದೂರದಲ್ಲಿ ಯಾವುದೋ ಹೆಂಗಸು ಅಳುತ್ತಿರುವಂತೆ ಒಂದು ಎಳೆ ಏಳುವುದು, ಬೀಳುವುದು. ಜನ ಮುಖ ಮುಖ ನೋಡಿಕೊಂಡರು. ಒಬ್ಬಿಬ್ಬರು ನಕ್ಕರು. ಮುಗಿಯಿತು.

ಎಲ್ಲರೂ ಹೋದ ಮೇಲೆ ಕರಿಯವ್ವ ರಶೀದಾಳನ್ನು ಕೇಳಿದರು: "ನನ್ನ ದನಿ ಹಿಂಗೈತೇನವ್ವ? ಇಷ್ಟು ದಿನ ನೀವ್ಯಾರೂ ಯಾಕ ಹೇಳ್ಲಿಲ್ಲ?"

ಸಾಹೇಬರೇ, ನಾವು ಹೇಳದೆ ಇರಲಿಲ್ಲ. ಅದು ಕಂಬದ ಸದ್ದು ಎಂದು ನಾನು, ರಶೀದಾ, ಕೆಂಚವೀರಪ್ಪನವರು, ಸರದಿಯ ಮೇಲೆ ಹೇಳಿದೆವು. ಹೆಸರು ಅಷ್ಟು ಚೆನ್ನಾಗಿ ಕೇಳಿಸಿ ಹಾಡು ಮಾತ್ರ ಕೆಡುವುದು ಹೇಗೆ ಎಂದು ಅವರು ಕೇಳಿದರು. ಬುಧವಾರ ಜಾಫರ್ ಹರಿಹರದಿಂದ ಬಂದು, ತಾನು ಪ್ರತಿ ಪದವನ್ನೂ ಕೇಳಿದೆನೆಂದೂ, ಪಕ್ಕದ ಮನೆಯ ಹೆಂಗಸರು ಕಣ್ಣೊರೆಸಿಕೊಂಡರೆಂದೂ ಹೇಳಿದ. ಕರಿಯವ್ವ ಅವನಿಗೆ ಚಹಾ ಕೊಟ್ಟು, "ನೀ ಒಳ್ಳೇವ್ನಪ್ಪ, ನನ್ನ ಸಮಾಧಾನಕ್ಕೆ ಹೇಳ್ತೀಯ" ಎಂದರು. ಅಂದಿನಿಂದ ಅವರು ಹಾಡಿಲ್ಲ. ಗಿರಣಿಯಲ್ಲಿ ಸುಮ್ಮನೆ ಕಸ ಗುಡಿಸುತ್ತಾರೆ. ನಮ್ಮ ಕಟ್ಟೆಗೆ ಬಂದು ಕೂರುತ್ತಾರೆ, ಅಕ್ಕಿ ಆರಿಸುತ್ತಾರೆ, ಹೋಗುತ್ತಾರೆ. ಅವರನ್ನು ಹರಿಹರಕ್ಕೆ ಹೋಗದಂತೆ ತಡೆದವನು ನಾನು. ಆ ತಪ್ಪನ್ನು ಯಾವ ಇಲಾಖೆಗೂ ವರ್ಗಾಯಿಸುವಂತಿಲ್ಲ.

ನಾಲ್ಕನೆಯ ಅರ್ಜಿಯಲ್ಲಿ ಇದನ್ನೆಲ್ಲ ಬರೆದಿದ್ದೆ. ಅದಕ್ಕೆ "ಪರಿಶೀಲನೆಯಲ್ಲಿದೆ" ಎಂಬ ಮೊಹರು ಬಿದ್ದಿದೆ. ಯಾವುದು ಪರಿಶೀಲನೆಯಲ್ಲಿದೆ ಸಾಹೇಬರೇ? ಬಟ್ಟಲಿನ ಬಿರುಕೋ, ಕರಿಯವ್ವನ ಕಂಠವೋ?

ಹಾಡಿನ ಮರುಪ್ರಸಾರ ನವೆಂಬರಿನ ಎರಡನೆಯ ಭಾನುವಾರವೆಂದು ಮೇಷ್ಟ್ರು ತಿಳಿಸಿದ್ದಾರೆ. ಕರಿಯವ್ವ ಹರಿಹರಕ್ಕೆ ಬರುವುದಿಲ್ಲ ಎಂದಿದ್ದಾರೆ. ನಕ್ಕವರು ಇಲ್ಲಿಯವರು, ಕೇಳಿಸಿದರೆ ಇಲ್ಲೇ ಕೇಳಿಸಬೇಕು ಎಂಬುದು ಅವರ ಮಾತು. ನನಗದು ನ್ಯಾಯವಾಗಿಯೇ ಕಾಣುತ್ತದೆ. ಆದ್ದರಿಂದ ಆ ದಿನದೊಳಗೆ ಬಟ್ಟಲು ಬದಲಾಯಿಸಿಕೊಡಬೇಕು. ಅದಾಗದಿದ್ದರೆ ಆ ಹದಿನೈದು ನಿಮಿಷ ಓಣಿಯ ಕರೆಂಟು ತೆಗೆಯಿರಿ, ಜಾಫರನ ಟ್ರಾನ್ಸಿಸ್ಟರ್ ತರಿಸಿಕೊಳ್ಳುತ್ತೇವೆ. ಕರೆಂಟು ತೆಗೆಯುವುದು ತಮ್ಮ ಇಲಾಖೆಗೆ ಹೊಸದೇನಲ್ಲ.

ಎರಡೂ ಸಾಧ್ಯವಿಲ್ಲವಾದರೆ, ಒಂದು ಮಧ್ಯಾಹ್ನ ತಾವೇ ನಮ್ಮ ಓಣಿಗೆ ದಯಮಾಡಿಸಿ. ಅರ್ಜಿ, ಮೊಹರು ಏನೂ ಬೇಡ. ಕರಿಯವ್ವನ ಕಟ್ಟೆಯ ಮುಂದೆ ನಿಂತು, ಅಂದು ಕೇಳಿದ್ದು ನಿನ್ನ ದನಿಯಲ್ಲವ್ವ, ನಮ್ಮ ಕಂಬದ್ದು ಎಂದು ಒಂದು ಮಾತು ಹೇಳಿ ಹೋಗಿ. ನಾವು ಹೇಳಿದರೆ ಸಮಾಧಾನಕ್ಕೆಂದು ತಿಳಿಯುತ್ತಾರೆ. ಸರ್ಕಾರದವರು ಹೇಳಿದರೆ ನಂಬುತ್ತಾರೆ. ಅವರಿಗಿನ್ನೂ ಅಷ್ಟು ನಂಬಿಕೆ ಇದೆ.

ಇಂತಿ,
ತಮ್ಮ ಮಾತು ನಂಬಿ ಮನೆಯಲ್ಲೇ ಉಳಿದ,
ಜಮಾಲುದ್ದೀನ್, ತಗಡಿನ ಕೆಲಸದವನು
ನಿಟ್ಟುವಳ್ಳಿ, ದಾವಣಗೆರೆ
ಅಕ್ಟೋಬರ್ 1964