ಹೊಸ್ತಿಲ ಹೊರಗೆ ನಿಂತ ಗೋಲ್‌ಕೀಪರನ ಪರವಾಗಿ

ದೇಶದ ಅತ್ಯುನ್ನತ ಫುಟ್‌ಬಾಲ್ ಲೀಗಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುವ ಮಾನ್ಯರೇ,

ನೀವು ಬಾಗಿಲು ತೆಗೆಯುವುದೂ ಇಲ್ಲ, ಮುಚ್ಚಿದೆ ಎಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ಅದರಿಂದಾಗಿ ನನ್ನ ಅಣ್ಣನ ಮಗ ಪರಶು, ಕೆಳಗಿನ ಲೀಗನ್ನು ಗೆದ್ದ ತಂಡದ ಗೋಲ್‌ಕೀಪರ್, ಮಳೆಗಾಲಕ್ಕೂ ಮುಂಚಿನಿಂದ ತನ್ನ ಸ್ವಂತ ಮನೆಯ ಹೊಸ್ತಿಲು ತುಳಿಯಲಾಗದೆ ನನ್ನ ಖಾನಾವಳಿಯ ಬೆಂಚಿನ ಮೇಲೆ ಮಲಗುತ್ತಿದ್ದಾನೆ. ದೂರು ಇಷ್ಟೇ. ಲೀಗಿನ ನಿಯಮಕ್ಕೂ ಕೂಲಿಕಾರನ ಮನೆಯ ಹೊಸ್ತಿಲಿಗೂ ಏನು ಸಂಬಂಧ ಎಂದು ಹುಬ್ಬೇರಿಸಬೇಡಿ. ಹೇಳುತ್ತೇನೆ, ಕೂತು ಕೇಳಿ. ಕೂರುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ ಎಂದು ಕೇಳಿದ್ದೇನೆ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಹೆಸರು ಬಾಯಿಗೆ ರೂಢಿಯಾಗುವಷ್ಟರಲ್ಲಿ ಆ ಕುರ್ಚಿಗೆ ಬೇರೊಬ್ಬರು ಬಂದಿರುತ್ತಾರೆ. ಕನ್ನಡವೂ ನಿಮಗೆ ಬಾರದು ಎಂದು ನನಗೆ ಗೊತ್ತಿದೆ. ಬೇರೆ ಭಾಷೆಯಲ್ಲಿ ನಮ್ಮ ತಂಡದವರು ಬರೆದದ್ದನ್ನೆಲ್ಲ ನೀವು ಎಷ್ಟು ಓದಿದಿರಿ ಎಂಬುದನ್ನು ನೋಡಿಯಾಯಿತಲ್ಲ! ಹಾಗಾಗಿ ನನಗೆ ಸಿಟ್ಟು ಮಾಡಲು ಬರುವ ಭಾಷೆಯಲ್ಲೇ, ನಾಲ್ಕು ಜನ ಓದುವ ಹಾಗೆ ಪತ್ರಿಕೆಗೆ ಬರೆಯುತ್ತಿದ್ದೇನೆ. ನಾನು ವಾಸ್ಕೊದಲ್ಲಿ ಮುರ್ಮುಗಾಂವ್ ಬಂದರಿನ ಕೆಲಸಗಾರರಿಗೆ ಜೋಳದ ರೊಟ್ಟಿ ಬಡಿದು ಹಾಕುವವಳು. ಹುನಗುಂದದ ಕಡೆಯಿಂದ ಅಣ್ಣ ಲಕ್ಷ್ಮಪ್ಪ ಮೊದಲು ಬಂದ, ಅವನ ಹಿಂದೆ ನಾನು ಬಂದೆ. ಈ ಊರಲ್ಲಿ ಊಟಕ್ಕೆ ಕೂತವರು ಒಂದೋ ಫುಟ್‌ಬಾಲ್ ಮಾತಾಡುತ್ತಾರೆ, ಇಲ್ಲವೇ ಮೀನಿನ ರೇಟು ಮಾತಾಡುತ್ತಾರೆ. ನಾನು ಮೀನು ತಿನ್ನುವವಳಲ್ಲ. ಹೀಗಾಗಿ ನಿಮ್ಮ ಲೀಗಿನ ಚರಿತ್ರೆ ನನ್ನ ಕಿವಿಗೆ ಬಿದ್ದಿದೆ.

ಎಂಥ ಚರಿತ್ರೆ, ಆಹಾ! ತೊಂಬತ್ತರ ದಶಕದ ನಡುವಿನಲ್ಲಿ ರಾಷ್ಟ್ರೀಯ ಲೀಗ್ ಎಂದು ಒಂದನ್ನು ಹುಟ್ಟಿಸಿದಿರಿ. ಹತ್ತು ಹನ್ನೊಂದು ವರ್ಷ ಆಡಿಸಿ, ಕೂಸು ಸರಿಯಾಗಿ ಬೆಳೆಯಲಿಲ್ಲವೆಂದು ಹೆಸರು ಬದಲಾಯಿಸಿದಿರಿ. ನಮ್ಮ ಕಡೆ ಮಕ್ಕಳಿಗೆ ಪದೇಪದೇ ಜಡ್ಡಾದರೆ ಹೀಗೇ ಹೆಸರು ಬದಲಾಯಿಸುತ್ತಾರೆ, ಆದರೆ ಜೊತೆಗೆ ಡಾಕ್ಟರಿಗೂ ತೋರಿಸುತ್ತಾರೆ. ಆ ಕಾಲದಲ್ಲಿ ಅಂಗೈಯಗಲದ ಈ ಗೋವಾದ ಮೂರು ತಂಡಗಳು ದೇಶದ ಕಪ್ಪನ್ನು ಮನೆಗೆ ತಂದಿದ್ದವು. ಆಮೇಲೆ ನಿಮಗೆ ಏನು ಹೊಳೆಯಿತೋ, ಮನೆಯಲ್ಲಿ ಹೆಂಡತಿ ಇರುವಾಗಲೇ ಸವತಿಯನ್ನು ತಂದಿರಿ. ಸಿನಿಮಾದವರು, ಕ್ರಿಕೆಟ್‌ನವರು, ಪಟಾಕಿ, ದೀಪ. ನಗರಕ್ಕೊಂದು ತಂಡ, ತಂಡಕ್ಕೊಬ್ಬ ಮಾಲೀಕ. ಸವತಿ ಎರಡು ತಿಂಗಳು ಕುಣಿದು ಹೋಗುತ್ತಾಳೆ, ಏನೂ ತೊಂದರೆಯಿಲ್ಲ ಅಂದಿರಿ. ಕೆಲವೇ ವರ್ಷಗಳಲ್ಲಿ ಸವತಿ ಪಟ್ಟದ ರಾಣಿಯಾದಳು, ಹಿರಿಯವಳು ಹಿತ್ತಲಿಗೆ ಬಿದ್ದಳು. ಇಲ್ಲಿನ ಹಳೆಯ ತಂಡಗಳಲ್ಲಿ ಕೆಲವು ನಿಮಗೆ ಕೈಮುಗಿದು ಹೊರನಡೆದವು. ನೀವು ತಡೆದಿರಾ? ತಡೆಯಲು ಎದ್ದು ನಿಲ್ಲಬೇಕಾಗುತ್ತದೆ.

ಆ ರಾಣಿಯ ಅರಮನೆಯಲ್ಲಿ ವರ್ಷಾನುಗಟ್ಟಲೆ ಒಂದು ವಿಶೇಷ ಸವಲತ್ತಿತ್ತು. ಕಟ್ಟಕಡೆಯ ಸ್ಥಾನಕ್ಕೆ ಬಿದ್ದ ತಂಡವೂ ಕೆಳಗಿನ ಲೀಗಿಗೆ ಇಳಿಯಬೇಕಿರಲಿಲ್ಲ. ಸೋತರೂ ಅಲ್ಲೇ, ಇನ್ನಷ್ಟು ಸೋತರೂ ಅಲ್ಲೇ. ಮೇಲಿನವರು ಇಳಿಯದಿದ್ದರೆ ಕೆಳಗಿನವರು ಏರುವುದು ಎಲ್ಲಿಗೆ, ಮಾಳಿಗೆಯ ಮೇಲಕ್ಕೋ? ಬಂದರಿನಲ್ಲಿ ಕೂಲಿಗಳ ಟೋಳಿಗಳ, ಅಂದರೆ ಗುಂಪುಗಳ, ನಡುವೆ ಭಾನುವಾರ ಪಂದ್ಯ ನಡೆಯುತ್ತದೆ. ಸೋತ ಟೋಳಿ ಆ ವಾರ ಹಡಗಿನ ಹೊಟ್ಟೆಗೆ ಇಳಿದು ಕಲ್ಲಿದ್ದಲ ಪುಡಿ ಗುಡಿಸಬೇಕು, ಗೆದ್ದವರು ಮೇಲೆ ಗಾಳಿಯಲ್ಲಿ ಕೆಲಸ ಮಾಡಬೇಕು. ಒಮ್ಮೆ ನನ್ನ ಅಣ್ಣನ ಟೋಳಿ ಮೇಲಿಂದ ಮೇಲೆ ಸೋತಾಗ ಅವನೂ ನಿಮ್ಮಂತೆಯೇ ಜಾಣನಾಗಲು ಹೋಗಿ, ‘ಈ ಪದ್ಧತೀನ ಇನ್ನೊಮ್ಮೆ ವಿಚಾರ ಮಾಡೂಣು’ ಅಂದನಂತೆ. ಎದುರಿನ ಟೋಳಿಯವರು ಹೊಟ್ಟೆ ಹಿಡಿದುಕೊಂಡು ನಕ್ಕು, ‘ಇಳೀರಿ ಲಕ್ಷ್ಮಪ್ಪಣ್ಣ, ಇಳೀರಿ. ಕೆಳಗ ಭಾಳ ತಂಪೈತಿ’ ಅಂದರಂತೆ. ಅಣ್ಣ ಇಳಿದ. ನಿಮ್ಮ ಲೀಗಿನಲ್ಲಿ ಹಾಗೆ ನಗುವವರು ಯಾರೂ ಇಲ್ಲದಿರುವುದೇ ದೊಡ್ಡ ಕೊರತೆ.

ಈಗ ನಮ್ಮ ಮನೆಯ ಸಂಗತಿ. ಬಂದರಿನ ಹುಡುಗರದೇ ಒಂದು ತಂಡವಿದೆ, ಬಂದರ್ ಬ್ರದರ್ಸ್. ಕ್ರೇನ್ ನಡೆಸುವ ಮೌಲಾಸಾಬ ಅದರ ಕೋಚು, ಮ್ಯಾನೇಜರು, ಜಗಳ ಬಿಡಿಸುವವನು, ಎಲ್ಲಾ. ಈ ತಂಡ ಕೆಳಗಿನ ಲೀಗನ್ನು ಗೆದ್ದಿತು. ಕೊನೆಯ ಪಂದ್ಯದಲ್ಲಿ ಪರಶು ಪೆನಾಲ್ಟಿ ತಡೆದು ಬಿದ್ದವನು ಏಳಲೇ ಇಲ್ಲ. ಏನಾಯಿತೋ ಎಂದು ಎಲ್ಲರೂ ಓಡಿದರೆ, ಚೆಂಡನ್ನು ಅವುಚಿಕೊಂಡು ಅಳುತ್ತಿದ್ದ. ಗೆದ್ದವರು ಮೇಲಿನ ಲೀಗಿಗೆ ಹೋಗುತ್ತಾರೆ ಎಂದು ಹೇಳಿದವರು ನೀವೇ. ವೇಳಾಪಟ್ಟಿ ಕಳಿಸಿದವರೂ ನೀವೇ. ಮೊದಲ ಪಂದ್ಯ ಕೋಲ್ಕತ್ತಾದಲ್ಲಿ ಎಂದಿರಿ. ನಾವು ನಂಬಿದೆವು. ದೊಡ್ಡ ಕಚೇರಿಯಿಂದ ಬಂದ ಮಾತಿಗೆ ಒಂದು ತೂಕ ಇರುತ್ತದೆ ಎಂಬ ಹಳ್ಳಿಯ ನಂಬಿಕೆ ನಮಗಿನ್ನೂ ಹೋಗಿರಲಿಲ್ಲ.

ನಮ್ಮಲ್ಲೊಂದು ಪದ್ಧತಿಯಿದೆ. ದೊಡ್ಡ ಕೆಲಸಕ್ಕೆಂದು ದೂರ ಹೊರಟವನಿಗೆ ತಾಯಿ ಆರತಿ ಬೆಳಗಿ, ಬುತ್ತಿ ಕಟ್ಟಿ, ಹೊಸ್ತಿಲ ಮೇಲೆ ಕಾಯಿ ಒಡೆದು ದಾಟಿಸುತ್ತಾಳೆ. ಹಾಗೆ ದಾಟಿದವನು ಹೊರಟ ಕೆಲಸ ಮಾಡದೆ, ಹೋದ ಊರಿನ ನೀರು ಕುಡಿಯದೆ ಹಿಂತಿರುಗಿ ಬಂದು ಅದೇ ಹೊಸ್ತಿಲು ತುಳಿಯಬಾರದು. ಪರಶುವಿನ ತಾಯಿ ಹನುಮವ್ವ, ನನ್ನ ವೈನಿ, ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಮಾಡಿದಳು. ಓಣಿಯ ಹೆಂಗಸರೆಲ್ಲ ಬಂದಿದ್ದರು. ಖಡಕ್ ರೊಟ್ಟಿ, ಗುರೆಳ್ಳು ಹಿಂಡಿ, ಮೊಸರನ್ನ ಕಟ್ಟಿದ್ದಳು. ‘ಮ್ಯಾಲ ಹೊಂಟಾನ ನನ್ನ ಮಗ’ ಎಂದು ಎಲ್ಲರಿಗೂ ಹೇಳಿದ್ದೇ ಹೇಳಿದ್ದು. ಹುಡುಗರು ವಾಸ್ಕೊದಲ್ಲಿ ರೈಲು ಹತ್ತಿದರು.

ರೈಲು ಇನ್ನೂ ಗೋವಾದೊಳಗಿನ ಕುಡಚಡೆ ಮುಟ್ಟುವಷ್ಟರಲ್ಲಿ ನಿಮ್ಮ ಕಚೇರಿಯಿಂದ ಮೌಲಾಸಾಬನಿಗೆ ಫೋನು ಬಂತು. ‘ಇಳೀರೋ ಎಲ್ಲಾರೂ’ ಅಂದನಂತೆ ಅವನು. ‘ಹೋಗೂದಿಲ್ಲಂತ. ಸ್ವರೂಪ ಪರಿಶೀಲನಾ ಮಾಡಾಕತ್ತಾರಂತ.’

‘ಯಾರ ಸ್ವರೂಪ?’ ಎಂದು ಪರಶು ಕೇಳಿದನಂತೆ.

‘ಲೀಗಿಂದು.’

‘ರೈಲು ಹೊಂಟ ಮ್ಯಾಲ?’

ಈ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ, ಮಾನ್ಯರೇ. ರೈಲು ಹೊರಟ ಮೇಲೆ? ತಂಡಗಳು ಎಷ್ಟು, ಯಾರು ಏರಬೇಕು, ಯಾರು ಇಳಿಯಬೇಕು, ತವರಿನಲ್ಲೊಂದು ಪರವೂರಿನಲ್ಲೊಂದು ಪಂದ್ಯವೋ ಬರೀ ಒಂದೇ ಪಂದ್ಯವೋ, ಇದನ್ನೆಲ್ಲ ಸೀಸನ್ನು ಶುರುವಾಗುವ ಹೊತ್ತಿಗೆ ಯೋಚಿಸುವವರು ಜಗತ್ತಿನಲ್ಲಿ ಬೇರೆಲ್ಲಾದರೂ ಇದ್ದಾರೆಯೇ? ಒಂದು ವರ್ಷವಂತೂ ಲೀಗು ನಡೆಯುತ್ತದೋ ಇಲ್ಲವೋ ಎಂಬುದೇ ಗೊತ್ತಿಲ್ಲದೆ ದೇಶದ ದೊಡ್ಡ ದೊಡ್ಡ ಆಟಗಾರರು ಮನೆಯಲ್ಲಿ ಕೂತಿದ್ದರು, ಕಡೆಗೆ ಮೊಟಕು ಮಾಡಿ ಹೇಗೋ ಮುಗಿಸಿದಿರಿ. ಮದುವೆಗೆ ಬಂದವರು ಪಂಕ್ತಿಯಲ್ಲಿ ಕೂತ ಮೇಲೆ ಅಕ್ಕಿ ತರಲು ಹೋಗುವವರನ್ನು ನಮ್ಮಲ್ಲಿ ಏನೆಂದು ಕರೆಯುತ್ತಾರೆ ಎಂಬುದನ್ನು ಪತ್ರಿಕೆಯ ಮರ್ಯಾದೆ ಕಾಪಾಡಲು ಬರೆಯುತ್ತಿಲ್ಲ.

ಹುಡುಗರು ಕುಡಚಡೆಯ ಪ್ಲಾಟ್‌ಫಾರ್ಮಿನಲ್ಲಿ ಕೂತು ಕೋಲ್ಕತ್ತಾದ ಬುತ್ತಿ ಬಿಚ್ಚಿ ತಿಂದರು. ಸಂಜೆ ಪರಶು ಕೈಚೀಲ ಹಿಡಿದು ಮನೆಯ ಮುಂದೆ ಬಂದು ನಿಂತ. ಹನುಮವ್ವ ಅವನನ್ನು ನೋಡಿದಳು, ಖಾಲಿ ಬುತ್ತಿಯ ಗಂಟನ್ನೂ ನೋಡಿದಳು. ‘ಅಲ್ಲೇ ನಿಲ್ಲಪಾ. ಹೋಗಿ ಆ ಊರ ನೀರು ಕುಡದು ಬಾ’ ಎಂದವಳೇ ಹೊಸ್ತಿಲಿಗೆ ಅಡ್ಡ ನಿಂತಳು. ಅಣ್ಣ ಬೈದ, ಓಣಿಯವರು ತಿಳಿಹೇಳಿದರು, ಜಗ್ಗಲಿಲ್ಲ. ಆವತ್ತಿನಿಂದ ಅವನು ನನ್ನ ಬೆಂಚಿನ ಮೇಲಿದ್ದಾನೆ. ಮೌಲಾಸಾಬ ಪಾಪ, ಕೋಲ್ಕತ್ತಾದಿಂದ ಬಂದ ಹಡಗೊಂದರ ಅಡುಗೆಯವನನ್ನು ಕಾಡಿಬೇಡಿ ಆ ಊರಿನ ನೀರನ್ನೇ ಒಂದು ಬಾಟಲಿಯಲ್ಲಿ ತಂದ. ‘ಇದನ್ನ ಕುಡಿಸಿ ಒಳಗ ಕರಕೋರಿ ಅಕ್ಕಾರ, ಖರೇ ಕೋಲ್ಕತ್ತಾದ್ದ ಐತಿ’ ಅಂದ. ಹನುಮವ್ವ ಬಾಟಲಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ‘ನೀರು ಅವನ ಹತ್ರ ಬರೂದಲ್ರಿ ಮೌಲಾಸಾಬರ. ಅಂವ ನೀರಿನ ಹತ್ರ ಹೋಗಬೇಕು’ ಅಂದಳು. ಆ ನೀರನ್ನು ಕಡೆಗೆ ನಾನು ತುಳಸಿಗೆ ಹಾಕಿದೆ.

ನಿಮ್ಮ ಕಚೇರಿಯನ್ನು ಮೌಲಾಸಾಬ ಎಷ್ಟು ಸಲ ಕೇಳಿದರೂ ಒಂದೇ ಉತ್ತರ: ಪರಿಶೀಲನೆಯಲ್ಲಿದೆ. ಹೌದೆಂದಲ್ಲ, ಇಲ್ಲವೆಂದಲ್ಲ, ಅಡ್ಡಗೋಡೆಯ ಮೇಲೆ ದೀಪ. ಗೆದ್ದರೆ ಸಾಲದು, ಕ್ರೀಡಾಂಗಣ ನೋಡಬೇಕು, ಪ್ರಾಯೋಜಕರನ್ನು ನೋಡಬೇಕು, ಟೀವಿಯವರ ಮರ್ಜಿ ನೋಡಬೇಕು ಎಂದು ನಡುನಡುವೆ ಗೊಣಗುತ್ತೀರಂತೆ. ಸರಿ, ಹಾಗಿದ್ದರೆ ಹುಡುಗರನ್ನು ಬಿಸಿಲಲ್ಲಿ ಆಡಿಸಿದ್ದು ಏತಕ್ಕೆ? ಮೊದಲೇ ಮಾಲೀಕರನ್ನೇ ಮೈದಾನಕ್ಕೆ ಇಳಿಸಿ ಯಾರ ಜೇಬು ಭಾರವೆಂದು ತೂಗಿಬಿಟ್ಟಿದ್ದರೆ ಚೆಂಡಾದರೂ ಉಳಿಯುತ್ತಿತ್ತಲ್ಲ.

ಹೋದ ತಿಂಗಳು ಪರಶುವಿನ ತಂಗಿ ಅಂಬಿಕಾಳ ನಿಶ್ಚಯ ಇತ್ತು. ಒಳಗೆ ಜಮಖಾನೆಯ ಮೇಲೆ ಬೀಗರು ಕೂತಿದ್ದರು, ಅವಳ ಅಣ್ಣನಾದವನು ಹೊರಗೆ ಅಂಗಳದಲ್ಲಿ ಕುರ್ಚಿ ಜೋಡಿಸುತ್ತ, ಕಿಟಕಿಯಿಂದ ತಂಗಿಯನ್ನು ನೋಡುತ್ತ ನಿಂತಿದ್ದ. ಅವಳಿಗೆ ಸೀರೆ ಕೊಡುವ ಹೊತ್ತಿಗೆ ಬೀಗರ ಹಿರಿಯರೊಬ್ಬರು, ‘ಹುಡುಗಿ ಅಣ್ಣ ಯಾಕ ಒಳಗ ಬರವಲ್ಲ? ಏನರ ಜಗಳ ಐತೇನ್ರಿ ಮನ್ಯಾಗ?’ ಎಂದು ಕೇಳಿಯೇಬಿಟ್ಟರು. ಹನುಮವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ‘ಜಗಳಿಲ್ರಿ. ಅಂವ ದಾರ್ಯಾಗ ಅದಾನ್ರಿ’ ಅಂದಳು. ಹೊರಗೆ ಪರಶು ಮುಖ ತಿರುಗಿಸಿಕೊಂಡ.

ಬೀಗರು ಹೋದ ಮೇಲೆ ನಾನು ಅಡುಗೆಮನೆಗೆ ನುಗ್ಗಿ ವೈನಿಯ ಮೇಲೆ ಹರಿಹಾಯ್ದೆ. ಎಂಥ ಹುಚ್ಚು ಪದ್ಧತಿಯಿದು, ಮಗನಿಗಿಂತ ಕಟ್ಟಿಗೆಯ ಹೊಸ್ತಿಲು ಹೆಚ್ಚಾಯಿತೇ ಎಂದೆ. ಲೀಗಿನವರಿಗೆ ಪತ್ರ ಬರೆಯುತ್ತೇನೆ, ಆಗುವುದಿಲ್ಲ ಎಂದಾದರೂ ಖಡಾಖಂಡಿತ ಹೇಳಿರೆಂದು ಕೇಳುತ್ತೇನೆ, ಅವರು ಇಲ್ಲವೆಂದ ಮೇಲೆ ಒಂದು ಕಾಯಿ ನಿವಾಳಿಸಿ ಒಳಗೆ ಕರೆದುಕೊಂಡುಬಿಡು ಎಂದೆ. ಆಗ ಅವಳು ನನ್ನ ಕೈ ಹಿಡಿದುಕೊಂಡಳು.

‘ಅದನ್ನ ಮಾತ್ರ ಬರೀಬ್ಯಾಡವಾ ದ್ರಾಕ್ಷಾಯಿಣಿ’ ಅಂದಳು. ‘ನಂಗೇನು ಮಗನ್ನ ಒಳಗ ಕರಿಯೂ ಆಸಿ ಇಲ್ಲೇನು? ದಿನಾ ಎರಡು ರೊಟ್ಟಿ ಹೆಚ್ಚಿಗಿ ಬಡದು, ಆಮ್ಯಾಲ ನೆನಪ ಆಗಿ ಅಳ್ತೇನಿ. ಆದ್ರ ಇವತ್ತ ಒಳಗ ಕರಕೊಂಡ್ರ ನಾಳಿ ಮುಂಜಾನೆ ಕೂಲಿಗೆ ಆಳು ಹಿಡಿಯೂ ಮಿಸ್ತ್ರಿ ಬಂದು ಟೋಳಿಗೆ ಹಚ್ಚಿಕೊಂತಾನ. ಅವರಪ್ಪನ ಜೋಡಿ ಹಡಗದ ಹೊಟ್ಟಿಗೆ ಇಳಿತಾನ. ಅಲ್ಲಿಂದ ಹೊಳ್ಳಿ ಆಟಕ್ಕ ಬಂದಾಂವನ್ನ ಒಬ್ಬಾಂವನ್ನ ತೋರ್ಸು. ಹೊರಗ ಇರೂತನಕ ಅಂವ ಹೊಂಟಾಂವ. ದಿನಾ ಮುಂಜಾನೆ ಎದ್ದು ಓಡ್ತಾನ, ಚೆಂಡ ಹಿಡಿತಾನ, ಮಿಸ್ತ್ರಿ ಕೇಳಿದ್ರ ನಾ ಹೋಗಬೇಕಾಗೇತಿ ಅಂತಾನ. ಒಳಗ ಬಂದ್ನಂದ್ರ ಮುಗೀತು.’

ಇಷ್ಟು ದಿನ ಅವಳನ್ನು ಮೂಢಳೆಂದು ಬೈದವಳು ನಾನು. ನಿಮ್ಮ ಕಚೇರಿ ನೆಲಕ್ಕೆ ಬಿಟ್ಟ ಮಾತನ್ನು ಒಬ್ಬಳೇ ಎತ್ತಿ ಹಿಡಿದುಕೊಂಡು ನಿಂತಿದ್ದಾಳೆ ಆ ಹೆಂಗಸು, ಅದೂ ಸ್ವಂತ ಮಗನನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು. ನಾಚಿಕೆ ಎನ್ನುವುದು ನಿಮ್ಮ ನಿಯಮಾವಳಿಯಲ್ಲಿ ಇದೆಯೋ ಇಲ್ಲವೋ, ಅದೂ ಪರಿಶೀಲನೆಯಲ್ಲಿರಬಹುದು.

ಹಾಗಾಗಿ ಇಲ್ಲವೆಂದು ಹೇಳಿ ಎಂದು ಕೇಳುತ್ತಿಲ್ಲ. ನನ್ನ ಬೇಡಿಕೆ ಬೇರೆ. ಮಾಘದಲ್ಲಿ ಅಂಬಿಕಾಳ ಮದುವೆ. ಅದಕ್ಕೆ ಮುಂಚೆ, ನೀವೇ ಕೊಟ್ಟ ಮಾತಿನಂತೆ, ನೀವೇ ಬರೆದ ಊರಿನಲ್ಲಿ, ಮೇಲಿನ ಲೀಗಿನ ತಂಡವಾಗಿ ಬಂದರ್ ಬ್ರದರ್ಸ್‌ಗೆ ಆಡಲು ಬಿಡಿ. ಗೆಲ್ಲಿಸಿ ಎನ್ನುತ್ತಿಲ್ಲ, ದಯೆ ತೋರಿಸಿ ಎಂದಂತೂ ಕೇಳುತ್ತಿಲ್ಲ. ಏಳು ಗೋಲು ಬಿಟ್ಟುಕೊಡಲಿ. ಸೀಸನ್ನಿನ ಕೊನೆಗೆ ತಳಕ್ಕೆ ಬಿದ್ದರೆ ಕಿವಿ ಹಿಡಿದು ಕೆಳಗಿಳಿಸಿ, ತುಟಿ ಪಿಟಕ್ಕೆನ್ನದೆ ಇಳಿಯುತ್ತಾರೆ, ಇಳಿಯುವುದು ನಮಗೆ ರೂಢಿಯಿದೆ. ಪಂದ್ಯ ಮುಗಿಸಿ ಆ ಊರಿನ ನಲ್ಲಿಯಲ್ಲಿ ಬೊಗಸೆ ನೀರು ಕುಡಿದು ಬರಲಿ. ಸೋತು ಬಂದ ಮಗನನ್ನು ಒಳಗೆ ಕರೆದುಕೊಳ್ಳುವುದು ಹನುಮವ್ವನಿಗೆ ಗೊತ್ತು. ಗೆದ್ದೂ ಆಡಲಾಗದೆ ಬಂದವನನ್ನು ಏನೆಂದು ಕರೆಯಬೇಕೋ ಅವಳಿಗೆ ತಿಳಿಯುತ್ತಿಲ್ಲ.

ಇಂತಿ,
ನೀವು ಆಡಿಸದ ಗೋಲ್‌ಕೀಪರನಿಗೆ ಬೆಂಚು ಕೊಟ್ಟವಳು,
ಅವನ ಸೋದರತ್ತೆ ದ್ರಾಕ್ಷಾಯಿಣಿ
ರೊಟ್ಟಿ ಖಾನಾವಳಿ, ವಾಸ್ಕೊ